ಕಡಲಿನಿಂದ ಘಟ್ಟದ ತನಕ: ಉಡುಪಿ–ಮಂಗಳೂರು ಕಡೆ ಹಾವಸೆ ಸಮೀಕ್ಷೆ ಮಾಡುವ ಕ್ರಮ

ಮಳೆ ಹಿಡಿದು ಎರಡು ವಾರ ಆಗುವಷ್ಟರಲ್ಲಿ ಕರಾವಳಿಯ ಕಂಪೌಂಡ್ ಗೋಡೆ, ಬಾವಿಕಟ್ಟೆ, ಹಂಚಿನ ಮಾಡು, ತೆಂಗಿನ ಬುಡ ಎಲ್ಲ ಹಸಿರಾಗುತ್ತವೆ. ಆಡುಮಾತಿನಲ್ಲಿ ಎಲ್ಲದಕ್ಕೂ ಒಂದೇ ಹೆಸರು, ಪಾಚಿ. ಅಂಗಳದಲ್ಲಿ ಜಾರಿಸಿ ಬೀಳಿಸುವ ಲೋಳೆಯೂ ಪಾಚಿ, ಕೆರೆಯ ಮೇಲೆ ಕಟ್ಟುವುದೂ ಪಾಚಿ, ಮುರಕಲ್ಲಿನ ಮೇಲೆ ಮಖಮಲ್ಲು ಹಾಸಿದಂತೆ ಬೆಳೆಯುವುದೂ ಪಾಚಿ. ಇಲ್ಲಿ ಹೇಳುವುದು ಈ ಕೊನೆಯದರ ಬಗ್ಗೆ. ಪಠ್ಯಪುಸ್ತಕಗಳು ಇದನ್ನು ಹಾವಸೆ ಎನ್ನುತ್ತವೆ. ಜಗತ್ತಿನಲ್ಲಿ ಇದರ ಸುಮಾರು 12,000 ಪ್ರಭೇದಗಳಿವೆ. ನಮ್ಮ ಒಂದೇ ತೆಂಗಿನ ಬುಡದಲ್ಲಿ ಮೂರು–ನಾಲ್ಕು ಸಿಕ್ಕರೆ ಅಚ್ಚರಿಪಡಬೇಕಾಗಿಲ್ಲ.

ಒಂದು ಪ್ರದೇಶದ ಹಾವಸೆ ಸಮೀಕ್ಷೆ ಎಂದರೆ ಎರಡು ಪ್ರಶ್ನೆ: ಯಾವ್ಯಾವುದು ಇದೆ, ಯಾವುದು ಎಲ್ಲೆಲ್ಲಿ ಇದೆ. ಹೊಸಬರು ಮೊದಲನೆಯದಕ್ಕೇ ಅಂಟಿಕೊಂಡು, ಹೆಸರು ಹುಡುಕುವುದರಲ್ಲಿ ಸುಸ್ತಾಗಿ, ಎರಡನೆಯದನ್ನು ಬಿಟ್ಟುಬಿಡುತ್ತಾರೆ. ಹೆಸರು ತಪ್ಪಿದರೆ ಹತ್ತು ವರ್ಷ ಬಿಟ್ಟೂ ತಿದ್ದಬಹುದು, ಮಾದರಿ ಪೊಟ್ಟಣದಲ್ಲೇ ಇರುತ್ತದೆ. ಅದು ಮಾವಿನ ತೊಗಟೆಯಿಂದ ಬಂತೋ ಪಕ್ಕದ ಕಲ್ಲಿನಿಂದ ಬಂತೋ ಎಂದು ಬರೆದಿಟ್ಟಿಲ್ಲವಾದರೆ ಅದನ್ನು ಯಾರೂ ತಿದ್ದಲಾರರು. ಇಬ್ಬರು ಸೇರಿ ಒಂದು ಮಳೆಗಾಲ ಮತ್ತು ಅದರ ನಂತರದ ಚಳಿಗಾಲದಲ್ಲಿ ಮುಗಿಸಬಹುದಾದ ಕೆಲಸವನ್ನು ಇಲ್ಲಿ ವಿವರಿಸಿದ್ದೇವೆ.

ಮೊದಲ ಹೆಜ್ಜೆ: ಯಾವುದು ಹಾವಸೆ, ಯಾವುದು ಅಲ್ಲ

ಹತ್ತು ಪಟ್ಟು ಹಿಗ್ಗಿಸುವ ಲೆನ್ಸ್ ಸಾಕು. ಚಿನ್ನದ ಕೆಲಸದವರು ಬಳಸುವ ಲೂಪ್ ಇದ್ದರೆ ಅದೇ ಆಗುತ್ತದೆ. ಲೆನ್ಸನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ಗಿಡವನ್ನು ಲೆನ್ಸಿನ ಹತ್ತಿರ ತನ್ನಿ. ಸುಮಾರು 2.5 ಸೆಂ.ಮೀ. ದೂರದಲ್ಲಿ ಸ್ಪಷ್ಟವಾಗುತ್ತದೆ. ಪತ್ರಿಕೆ ಓದುವ ಭೂತಗನ್ನಡಿಯಂತೆ ಕೈ ಚಾಚಿ ಹಿಡಿದರೆ ಏನೂ ಕಾಣುವುದಿಲ್ಲ.

ಹಾವಸೆಗೆ ಪುಟ್ಟ ಕಾಂಡವಿದೆ, ಅದರ ಸುತ್ತ ಎಲೆಗಳಿವೆ, ಹೆಚ್ಚಿನವಲ್ಲಿ ಎಲೆಯ ನಡುವೆ ಒಂದು ನರವಿದೆ. ಕಾಲ ಬಂದಾಗ ಕೂದಲಿನಂಥ ತೊಟ್ಟಿನ ತುದಿಯಲ್ಲಿ ಬೀಜಕದ ಕಾಯಿ ನಿಲ್ಲುತ್ತದೆ. ಲೋಳೆಪಾಚಿಗೆ ಎಲೆಯೂ ಇಲ್ಲ, ಕಾಂಡವೂ ಇಲ್ಲ. ಹಳೆಯ ಗೋಡೆಗಳ ಮೇಲೆ ತುಕ್ಕು ಹಿಡಿದಂತೆ ಕಾಣುವ ಕಿತ್ತಳೆ ಬಣ್ಣದ ಪದರ ಟ್ರೆಂಟೆಪೋಲಿಯ. ಬಣ್ಣ ಏನೇ ಇರಲಿ, ಅದು ಹಸಿರು ಶೈವಲಗಳ ಗುಂಪಿನದು. ಬೂದು–ಬಿಳಿ ಹುರುಪೆಯಂತೆ ತೊಗಟೆಗೆ ಅಂಟಿರುವುದು ಕಲ್ಲುಹೂವಿನ ಬಳಗ. ಗುಡ್ಡೆಯ ಅಂಚಿನಲ್ಲಿ ಸಿಗುವ ಸೆಲಾಜಿನೆಲ್ಲ ನೋಡಲು ದೊಡ್ಡ ಹಾವಸೆಯಂತಿದ್ದರೂ ಜರೀಗಿಡಗಳ ನಂಟ. ಅದರ ಎಲೆಗಳು ಎರಡು ಅಳತೆಯಲ್ಲಿರುತ್ತವೆ, ಕಾಂಡ ಮುರಿದರೆ ಒಳಗೆ ಗಟ್ಟಿ ನಾರೆಳೆ ಸಿಗುತ್ತದೆ.

ಹಾವಸೆಯ ಹತ್ತಿರದ ನೆಂಟರಾದ ಲಿವರ್‌ವರ್ಟ್ ಎಂಬ ಪುಟ್ಟ ಸಸ್ಯಗಳ ಜೊತೆ ಗೊಂದಲ ಹೆಚ್ಚು. ಕೆಲವು ಚಪ್ಪಟೆ ಹಾಳೆಯಂತೆ ನೆಲಕ್ಕೆ ಅಂಟಿರುತ್ತವೆ. ಎಣೆಲು ಕೊಯ್ಲು ಮುಗಿದ ಗದ್ದೆಯಲ್ಲಿ, ಕಟ್ಟಪುಣಿಯ ಮೇಲೆ ಹಸಿರು ಬಿಲ್ಲೆಗಳಂತೆ ಕಾಣುವ ರಿಕ್ಸಿಯ ಇಂಥದ್ದು. ಮಳೆಗಾಲದಲ್ಲಿ ಮುರಕಲ್ಲಿನ ಬಾವಿಯ ಒಳಗೋಡೆಯಲ್ಲಿ ಹಳದಿ ಮಿಶ್ರಿತ ಹಸಿರಾಗಿ ಹೊಳೆಯುವ ಸಯಾತೋಡಿಯಮ್ ಕೂಡ ಇದೇ. ಎಲೆಯಿರುವ ಲಿವರ್‌ವರ್ಟ್‌ಗಳಲ್ಲಿ ಎಲೆಗೆ ನಡುನರ ಇರುವುದಿಲ್ಲ. ಅವನ್ನೂ ಸಂಗ್ರಹಿಸಿ, ಪಟ್ಟಿಯನ್ನು ಮಾತ್ರ ಬೇರೆ ಇಡಿ. ಬೇಡವೆಂದು ಕಿತ್ತೆಸೆದರೆ ಆಮೇಲೆ ಪಶ್ಚಾತ್ತಾಪವೇ, ಏಕೆಂದರೆ ಎರಡೂ ಒಂದೇ ಹಾಸಿನಲ್ಲಿ ಹೆಣೆದುಕೊಂಡು ಬೆಳೆಯುತ್ತವೆ.

ಅನುಮತಿ

ಮನೆಯ ಗೋಡೆ, ಸ್ವಂತ ತೋಟಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ಸೋಮೇಶ್ವರ, ಮೂಕಾಂಬಿಕಾ ವನ್ಯಧಾಮಗಳಲ್ಲಿ ಮತ್ತು ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಲಿಖಿತ ಅನುಮತಿ ಇಲ್ಲದೆ ಒಂದು ಚಿಟಿಕೆ ಹಾವಸೆಯನ್ನೂ ಕೀಳಬಾರದು. ಅನುಮತಿ ಬರುವ ತನಕ ಅಲ್ಲಿ ಫೋಟೋ ಮತ್ತು ಟಿಪ್ಪಣಿ ಮಾತ್ರ. ನಾಗಬನಗಳ ವಿಷಯ ಬೇರೆ. ಅಲ್ಲಿ ಒಣಗಿದ ಕಡ್ಡಿಯನ್ನೂ ಹೆಕ್ಕದ ಸಂಪ್ರದಾಯವಿದೆ. ಮನೆಯ ಹಿರಿಯರನ್ನು ಕೇಳಿ. ಒಳಗೆ ಹೋಗುವುದು ಬೇಡ ಎಂದರೆ ಬನದ ಹೊರಕಟ್ಟೆಯ ಕಲ್ಲುಗಳನ್ನಷ್ಟೇ ನೋಡಿ ಬನ್ನಿ.

ಚೀಲದಲ್ಲಿ ಇರಬೇಕಾದದ್ದು

ಲೆನ್ಸ್, ಮೊಂಡು ಚಾಕು, ಎಚ್‌ಬಿ ಪೆನ್ಸಿಲ್ ಎರಡು, 200 ಮಿಲಿಯ ನೀರಿನ ಸ್ಪ್ರೇ ಬಾಟಲಿ, ಅಳತೆಪಟ್ಟಿ, ಸ್ಥಳ ತೋರಿಸುವ ಫೋನ್, ಬಟ್ಟೆಚೀಲ, ದಿನಕ್ಕೆ ಐವತ್ತು ಕಾಗದದ ಪೊಟ್ಟಣ. ಬಾಲ್‌ಪೆನ್ನಿನ ಶಾಯಿ ಮಳೆಗೆ ಕಲಸಿಹೋಗುತ್ತದೆ, ಪೆನ್ಸಿಲ್ ಹೋಗುವುದಿಲ್ಲ. ಇದರ ಜೊತೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಿಂದ 10 × 10 ಸೆಂ.ಮೀ. ಚೌಕ ಕತ್ತರಿಸಿ, ಮಾರ್ಕರಿನಲ್ಲಿ 1 ಸೆಂ.ಮೀ. ಮನೆಗಳನ್ನು ಎಳೆದು ನೂರು ಮನೆ ಮಾಡಿಕೊಳ್ಳಿ. ತೊಗಟೆಯ ಮೇಲೆ ಇಟ್ಟು ಎಷ್ಟು ಮನೆ ತುಂಬಿದೆ ಎಂದು ಎಣಿಸಿದರೆ ಅದೇ ಶೇಕಡಾವಾರು ಹರಹು.

ಪೊಟ್ಟಣ ಮಾಡುವ ಕ್ರಮ: ಎ4 ಹಾಳೆಯನ್ನು ಉದ್ದಕ್ಕೆ ನಿಲ್ಲಿಸಿ ಕೆಳಗಿನ ಅಂಚನ್ನು ಮೇಲಕ್ಕೆ ಮಡಚಿ, ಮೇಲೆ 6 ಸೆಂ.ಮೀ. ಉಳಿಯಬೇಕು. ಎಡಬಲದಲ್ಲಿ 3.5 ಸೆಂ.ಮೀ. ಹಿಂದಕ್ಕೆ ಮಡಚಿ. ಕೊನೆಗೆ ಮೇಲಿನ 6 ಸೆಂ.ಮೀ. ಪಟ್ಟಿಯನ್ನು ಮುಚ್ಚಳದಂತೆ ಹಿಂದಕ್ಕೆ ಮಡಚಿ. ಸುಮಾರು 14 × 12 ಸೆಂ.ಮೀ. ಪೊಟ್ಟಣ ಸಿದ್ಧ. ಅಂಟು ಬೇಡ, ಸ್ಟೇಪ್ಲರ್ ಖಂಡಿತ ಬೇಡ. ನಮ್ಮ ಹವೆಗೆ ಪಿನ್ನು ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ಕಾಗದ ತಿನ್ನುತ್ತದೆ.

ಸಮೀಕ್ಷೆಯ ಗೆರೆ ಹಾಕುವುದು

ಇಡೀ ಜಿಲ್ಲೆ ಸುತ್ತುವ ಆಸೆ ಬಿಡಿ. ಕಡಲಿನಿಂದ ಘಟ್ಟಕ್ಕೆ ಒಂದು ಗೆರೆ ಎಳೆದು ಅದರ ಮೇಲೆ ಏಳು ತಾಣ ಆರಿಸಿ. ಉಡುಪಿಯವರಿಗೆ ರಾಷ್ಟ್ರೀಯ ಹೆದ್ದಾರಿ 169ಎ ಹೇಳಿ ಮಾಡಿಸಿದ ಹಾಗಿದೆ: ಮಲ್ಪೆಯ ತೆಂಗಿನ ತೋಟ, ಉಡುಪಿ ಪೇಟೆಯ ಹಳೆಯ ಗೋಡೆಗಳು, ಮಣಿಪಾಲದ ಮುರಕಲ್ಲಿನ ಬಯಲು, ಹಿರಿಯಡ್ಕದ ಅಡಿಕೆ ತೋಟ, ಹೆಬ್ರಿಯ ಬಳಿ ಸೀತಾನದಿಯ ದಡ, ಸೋಮೇಶ್ವರದ ಘಟ್ಟದ ಬುಡ, ಮೇಲೆ ಆಗುಂಬೆ. ಜಿಲ್ಲೆಯ ಗಡಿ ದಾಟಿ ಶಿವಮೊಗ್ಗಕ್ಕೆ ಕಾಲಿಟ್ಟರೂ ಆಗುಂಬೆಯನ್ನು ಬಿಡಬೇಡಿ. ಸಮುದ್ರಮಟ್ಟದಿಂದ 600 ಮೀಟರ್ ದಾಟಿದ ಎತ್ತರಕ್ಕೆ ಒಂದೇ ದಿನದಲ್ಲಿ ಏರಿದಾಗ ಬದಲಾವಣೆ ಕಣ್ಣಿಗೆ ಹೊಡೆಯುತ್ತದೆ. ಮಂಗಳೂರಿನವರು ಉಳ್ಳಾಲದಿಂದ ಹೊರಟು ಬಂಟ್ವಾಳ, ಬೆಳ್ತಂಗಡಿ, ಉಜಿರೆ ದಾಟಿ ಚಾರ್ಮಾಡಿಗೆ ಹೋಗಬಹುದು.

ಪ್ರತಿ ತಾಣದಲ್ಲೂ ಆರು ನೆಲೆಗಳನ್ನು ತಪ್ಪದೆ ಹುಡುಕಿ: ತಾಳೆಜಾತಿಯ ಮರ, ಒರಟು ತೊಗಟೆಯ ಮರ, ಕಲ್ಲು ಅಥವಾ ಪಾದೆ, ಮಣ್ಣಿನ ದರೆ, ಮನುಷ್ಯ ಕಟ್ಟಿದ ಗೋಡೆ–ಮೋರಿ, ಕೊಳೆತ ಮರದ ದಿಮ್ಮಿ. ತೋಡು ಇದ್ದರೆ ನೀರಂಚು ಏಳನೆಯದು. ಒಂದು ನೆಲೆ ಅಲ್ಲಿ ಇಲ್ಲವೇ ಇಲ್ಲ ಎಂದಾದರೆ 'ಇಲ್ಲ' ಎಂದು ಬರೆಯಿರಿ. ಖಾಲಿ ಬಿಟ್ಟರೆ ನೋಡಿಲ್ಲವೋ ಇರಲಿಲ್ಲವೋ ಗೊತ್ತಾಗುವುದಿಲ್ಲ. ತಾಣಕ್ಕೆ 90 ನಿಮಿಷ. ಕೊನೆಯ 20 ನಿಮಿಷದಲ್ಲಿ ಹೊಸದು ಏನೂ ಸಿಗದಿದ್ದರೆ ಅಲ್ಲಿಗೆ ಮುಗಿಸಿ. ಇನ್ನೂ ಸಿಗುತ್ತಲೇ ಇದ್ದರೆ ಮತ್ತೊಂದು ದಿನ ಬನ್ನಿ. ಆದರೆ ಎರಡು ದಿನದ ಲೆಕ್ಕವನ್ನು ಬೇರೆ ಬೇರೆ ಬರೆದಿಡಿ.

ಒಂದೇ ತಾಣಕ್ಕೆ ಎರಡು ಸಲ ಹೋಗಬೇಕು. ಸೋಣ ತಿಂಗಳಲ್ಲಿ, ಅಂದರೆ ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನ ತನಕ, ಗಿಡಗಳು ತುಂಬಿ ನಿಂತಿರುತ್ತವೆ. ಡಿಸೆಂಬರ್–ಜನವರಿಯಲ್ಲಿ ಹಾಸು ಒಣಗುತ್ತಿದ್ದರೂ ಬಲಿತ ಕಾಯಿ ಸಿಗುವ ಸಾಧ್ಯತೆ ಹೆಚ್ಚು, ರಿಕ್ಸಿಯವೂ ಗದ್ದೆಯಲ್ಲಿ ಆಗಲೇ ಕಾಣುವುದು. ಆಟಿಯ ಜಡಿಮಳೆಯಲ್ಲಿ ಹೋಗಬೇಡಿ. ಪೊಟ್ಟಣ ಹಿಟ್ಟಾಗುತ್ತದೆ, ಮುರಕಲ್ಲು ಜಾರುತ್ತದೆ, ಲೆನ್ಸ್ ಮಬ್ಬಾಗುತ್ತದೆ. ಘಟ್ಟದ ಬುಡದಲ್ಲಿ ಉಂಬಳಗಳಿಗೆ ಉದ್ದ ಕಾಲುಚೀಲ ಹಾಕಿಕೊಳ್ಳಿ. ಕಲ್ಲಿನ ಸಂದಿಗೆ ಕೈ ಹಾಕುವ ಮುನ್ನ ಕೋಲಿನಿಂದ ತಟ್ಟಿ ನೋಡಿ, ಮಂಡಲದ ಹಾವುಗಳಿಗೂ ಹಾವಸೆಯ ತಂಪು ಇಷ್ಟ.

ಮರದ ಮೇಲೆ ಅಳೆಯುವುದು

ಪ್ರತಿ ತಾಣದಲ್ಲಿ ಐದು ಮರ. ನೆಲದಿಂದ 30 ಸೆಂ.ಮೀ., 1 ಮೀಟರ್, 1.5 ಮೀಟರ್ ಎತ್ತರದಲ್ಲಿ ನಾಲ್ಕೂ ದಿಕ್ಕಿಗೆ ಚೌಕ ಇಡಿ. ಮರಕ್ಕೆ 12, ತಾಣಕ್ಕೆ 60 ಚೌಕ. ಪ್ರತಿ ಚೌಕಕ್ಕೂ ಯಾವ ಹಾವಸೆ ಎಷ್ಟು ಮನೆ ತುಂಬಿದೆ ಎಂದು ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ 'ಬಿಳಿಮೆತ್ತೆ', 'ಹೆಣೆದದ್ದು' ಎಂದು ತಾತ್ಕಾಲಿಕ ಹೆಸರು ಕೊಟ್ಟು ಅದೇ ಹೆಸರನ್ನು ಪೊಟ್ಟಣದ ಮೇಲೂ ಬರೆಯಿರಿ. ಗಿಡಗಳನ್ನು ಒಂದೊಂದಾಗಿ ಎಣಿಸಲು ಹೋಗಬೇಡಿ. ಒಂದು ಹಾಸಿನಲ್ಲಿ ಎಷ್ಟು 'ಗಿಡ' ಇದೆ ಎಂಬ ಪ್ರಶ್ನೆಗೇ ಅರ್ಥವಿಲ್ಲ.

ಹಾವಸೆ ಮರದ ಉತ್ತರ ಬದಿಗೆ ಬೆಳೆಯುತ್ತದೆ ಎಂಬ ಮಾತು ತಂಪು ದೇಶಗಳಿಂದ ಬಂದದ್ದು. ನಾವಿರುವುದು 13 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನ ತನಕ ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕೇ ಇರುತ್ತಾನೆ. ಇಲ್ಲಿ ಹೆಚ್ಚು ಲೆಕ್ಕಕ್ಕೆ ಬರುವುದು ನೈಋತ್ಯದಿಂದ ಬಡಿಯುವ ಮಳೆ, ಮರ ಯಾವ ಕಡೆ ವಾಲಿದೆ ಎಂಬುದು ಮತ್ತು ಕಾಂಡದ ಮೇಲೆ ನೀರು ಹರಿದಿಳಿಯುವ ಜಾಡು. ಆದ್ದರಿಂದ ದಿಕ್ಕಿನ ಜೊತೆಗೆ ವಾಲಿದ ಬದಿಯನ್ನೂ ಬರೆಯಿರಿ.

ಅಡಿಕೆ ತೋಟದಲ್ಲಿ ಇನ್ನೊಂದು ಪ್ರಶ್ನೆ ಕೇಳಲೇಬೇಕು: ಈ ವರ್ಷ ಮದ್ದು ಬಿಟ್ಟಿದ್ದಾರೆಯೇ, ಎಷ್ಟು ಸಲ? ಕೊಳೆರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ ಇರುತ್ತದೆ. ಗೊನೆಗೆ ಹೊಡೆದದ್ದು ಕಾಂಡದಗುಂಟ ಇಳಿಯುತ್ತದೆ, ಅದರ ತಾಮ್ರ ಹಾವಸೆಗೆ ವಿಷ. ಇದನ್ನು ಕೇಳದೆ 'ಅಡಿಕೆಯಲ್ಲಿ ಹಾವಸೆ ಕಡಿಮೆ, ತೆಂಗಿನಲ್ಲಿ ಹೆಚ್ಚು' ಎಂದು ತೀರ್ಮಾನಿಸಿದರೆ ಮರದ ಗುಣ ಮತ್ತು ಮದ್ದಿನ ಗುಣ ಎರಡೂ ಕಲಸಿಹೋಗುತ್ತವೆ. ಗೋಡೆಗಳಿಗೂ ಇದೇ ಮಾತು. ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದ್ದಾರೆಯೇ, ಸುಣ್ಣ ಬಳಿದು ಎಷ್ಟು ವರ್ಷವಾಯಿತು ಎಂದು ಕೇಳಿ ಬರೆದುಕೊಳ್ಳಿ.

ಕೀಳುವುದು, ಬರೆಯುವುದು

ಬೆಂಕಿಪೊಟ್ಟಣದಷ್ಟು ತೆಗೆದರೆ ಸಾಕು. ಇಡೀ ಹಾಸೇ ಅಂಗೈಗಿಂತ ಚಿಕ್ಕದಿದ್ದರೆ ಕೀಳಬೇಡಿ, ಫೋಟೋ ತೆಗೆಯಿರಿ. ಅಂಚಿನಿಂದ ತೆಗೆಯಿರಿ, ನಡುವಿನಿಂದ ತೆಗೆದರೆ ಮಳೆನೀರು ಆ ತೂತಿನಿಂದ ಇಡೀ ಹಾಸನ್ನು ಎಬ್ಬಿಸುತ್ತದೆ. ಕಾಯಿ ಇರುವ ಗಿಡವನ್ನು ಹುಡುಕಿ ಸೇರಿಸಿ. ಕಾಯಿಯ ಮೇಲಿನ ಟೊಪ್ಪಿ ಬಿದ್ದಿಲ್ಲದ ಒಂದೆರಡು ಇದ್ದರೆ ಇನ್ನೂ ಒಳ್ಳೆಯದು. ಒಂದು ಪೊಟ್ಟಣಕ್ಕೆ ಒಂದೇ ನೆಲೆಯ ಮಾದರಿ.

ಪೊಟ್ಟಣದ ಮೇಲೆ ಅಲ್ಲೇ ನಿಂತು ಬರೆಯಬೇಕಾದದ್ದು: ಕ್ರಮಸಂಖ್ಯೆ, ದಿನಾಂಕ, ಗ್ರಾಮ ಮತ್ತು ತಾಲ್ಲೂಕು, ಅಕ್ಷಾಂಶ–ರೇಖಾಂಶ ದಶಾಂಶದಲ್ಲಿ, ಫೋನ್ ತೋರಿಸುವ ನಿಖರತೆ ಎಷ್ಟು ಮೀಟರ್, ಎತ್ತರ, ನೆಲೆ, ನೆರಳು ಎಷ್ಟು, ತೇವವೋ ಒಣಗಿದ್ದೋ, ಸಂಗ್ರಹಿಸಿದವರ ಹೆಸರು. ನೆಲೆಯನ್ನು 'ಮರ' ಎಂದು ಬರೆದರೆ ಉಪಯೋಗವಿಲ್ಲ. 'ಹಲಸು, ಬೊಡ್ಡೆ, 40 ಸೆಂ.ಮೀ., ಪಶ್ಚಿಮ ಮುಖ, ತೋಡಿನಿಂದ 3 ಮೀ.' ಎಂದು ಬರೆಯಿರಿ. ಕಲ್ಲಿನಲ್ಲೂ ಮುರಕಲ್ಲೋ ಶಿಲೆಕಲ್ಲೋ, ಗಾರೆ ಬಳಿದದ್ದೋ ಬರಿಯದೋ ಎಂದು ನಮೂದಿಸಿ. ಮುರಕಲ್ಲು ಹುಳಿ ಗುಣದ್ದು, ಸಿಮೆಂಟು–ಸುಣ್ಣ ಕ್ಷಾರ. ಒಂದೇ ಗೋಡೆಯಲ್ಲಿ ಗಾರೆಯ ಗೆರೆಗೊಂದು ಹಾವಸೆ, ಕಲ್ಲಿನ ಮೈಗೊಂದು ಹಾವಸೆ ಇರುವುದು ಇದರಿಂದಲೇ. ಮನೆಗೆ ಬಂದು ಬರೆಯೋಣ ಎಂದು ಬಿಟ್ಟರೆ ಫೋನ್ ನಿಮ್ಮ ಮನೆಯ ಅಕ್ಷಾಂಶವನ್ನೇ ಕೊಡುತ್ತದೆ, ಈ ತಪ್ಪು ಎಷ್ಟು ಸಾಮಾನ್ಯವೆಂದರೆ ನಕ್ಷೆಯಲ್ಲಿ ಒಂದೇ ಚುಕ್ಕೆಯ ಮೇಲೆ ಮೂವತ್ತು ದಾಖಲೆ ಕಂಡರೆ ಅದು ಯಾರದೋ ಮನೆ ಎಂದೇ ತಿಳಿಯಬೇಕು.

ಒಣಗಿಸುವುದು

ಸಂಗ್ರಹ ಹಾಳಾಗುವುದು ಹೆಚ್ಚಾಗಿ ಈ ಹಂತದಲ್ಲಿ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಎರಡು ದಿನ ಮರೆತರೆ ಬೂಸ್ಟು ಬರುತ್ತದೆ, ಆಮೇಲೆ ಜೀವಕೋಶ ನೋಡಲು ಆಗುವುದಿಲ್ಲ. ಮನೆಗೆ ಬಂದ ಕೂಡಲೇ ಮಣ್ಣು ಉದುರಿಸಿ, ಹೆಚ್ಚಿನ ನೀರನ್ನು ಹತ್ತಿ ಬಟ್ಟೆಯಲ್ಲಿ ಒತ್ತಿ ತೆಗೆದು, ಪೊಟ್ಟಣ ತೆರೆದು ಫ್ಯಾನಿನ ಕೆಳಗೆ ಸಾಲಾಗಿ ಇಡಿ. ಕಾಗದ ಒದ್ದೆಯಾಗಿದ್ದರೆ ಹೊಸ ಪೊಟ್ಟಣಕ್ಕೆ ವರ್ಗಾಯಿಸಿ, ಹಳೆಯದರ ಬರಹದ ತುಂಡನ್ನು ಕತ್ತರಿಸಿ ಒಳಗೇ ಹಾಕಿ. ಬಿಸಿಲಿಗೆ ಇಟ್ಟರೆ ಬಣ್ಣ ಹೋಗುತ್ತದೆ. ಒಲೆಯ ಮೇಲಿನ ಅಟ್ಟ ಒಣಗಿಸಲು ಒಳ್ಳೆಯ ಜಾಗವೆನಿಸಿದರೂ ಮಸಿ ಕೂರುತ್ತದೆ. ಹೂವಿನ ಗಿಡಗಳಂತೆ ಭಾರ ಹೇರಿ ಒತ್ತುವುದೂ ಬೇಡ, ಒಣಗಿದಾಗ ಎಲೆ ಸುರುಳಿಯಾಗುವ ರೀತಿಯೇ ಗುರುತಿನ ಲಕ್ಷಣ.

ಮಳೆಗಾಲದಲ್ಲಿ ಮೂರು–ನಾಲ್ಕು ದಿನ ಬೇಕು. ಮುಟ್ಟಿದರೆ ಗರಿಗರಿ ಎನ್ನಬೇಕು. ಆಮೇಲೆ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬದಲ್ಲಿ ಇಡಿ. ಹೀಗೆ ಇಟ್ಟ ಮಾದರಿಗೆ ದಶಕಗಳ ನಂತರ ಒಂದು ಹನಿ ಬಿಸಿನೀರು ಬಿಟ್ಟರೂ ಎಲೆ ಬಿಚ್ಚಿಕೊಳ್ಳುತ್ತದೆ.

ಗುರುತಿಸುವುದು

ಮೊದಲ ಪ್ರಶ್ನೆ: ಕಾಯಿಯ ತೊಟ್ಟು ಎಲ್ಲಿಂದ ಹೊರಟಿದೆ? ನೆಟ್ಟಗೆ ನಿಂತ ಕಾಂಡದ ತುದಿಯಿಂದಲೋ, ಹರಡಿ ಹೆಣೆದ ಕಾಂಡದ ಪಕ್ಕದಿಂದಲೋ? ಮೊದಲನೆಯವು ಮೆತ್ತೆಯಂತೆ, ಎರಡನೆಯವು ಚಾಪೆಯಂತೆ ಬೆಳೆಯುತ್ತವೆ. ಕರಾವಳಿಯ ಗೋಡೆಗಳಲ್ಲಿ ಮೆತ್ತೆಗಳು ಹೆಚ್ಚು, ಘಟ್ಟದ ಕಡೆಗೆ ಹೋದಂತೆ ಚಾಪೆಗಳ ಬಗೆ ಹೆಚ್ಚುತ್ತದೆ.

ತೆಂಗಿನ ಬುಡದಲ್ಲಿ ಬೂದಿ ಮೆತ್ತಿದಂಥ ಬಿಳಿಹಸಿರು ಮೆತ್ತೆ ಕಂಡರೆ ಆಕ್ಟೋಬ್ಲೆಫೇರಮ್ ಆಲ್ಬಿಡಮ್. ಎಲೆ ದಪ್ಪ, ಪಟ್ಟಿಯಂತೆ, ಸುಲಭವಾಗಿ ಮುರಿಯುತ್ತದೆ. ಕಾಯಿಯ ಬಾಯಲ್ಲಿ ಎಂಟು ಹಲ್ಲು, ಹೆಸರಿನಲ್ಲೇ ಆ ಎಂಟು ಇದೆ. ಘಟ್ಟದಲ್ಲಿ ಇದೇ ಬಣ್ಣದ ಲ್ಯೂಕೊಬ್ರಯಮ್ ಸಿಗುತ್ತದೆ. ಅದಕ್ಕೆ ಹದಿನಾರು ಹಲ್ಲು, ಕಾಯಿ ಬಾಗಿರುತ್ತದೆ. ಕಾಯಿ ಇಲ್ಲದಾಗ ಎಲೆಯ ಅಡ್ಡಕೊಯ್ತ ನೋಡಿ. ಹಸಿರು ಕೋಶಗಳು ಮುಮ್ಮೂಲೆಯಾಗಿದ್ದರೆ ಆಕ್ಟೋಬ್ಲೆಫೇರಮ್, ನಾಲ್ಮೂಲೆಯಾಗಿದ್ದರೆ ಲ್ಯೂಕೊಬ್ರಯಮ್. ಮರದ ಮೇಲೆಯೇ ಕಡುಹಸಿರು ಎಲೆಯ ತುದಿಯಲ್ಲಿ ಪುಟ್ಟ ಕುಚ್ಚು ಕಂಡರೆ ಕ್ಯಾಲಿಂಪೆರೆಸ್. ಆ ಕುಚ್ಚು ಉದುರಿ ಹೊಸ ಗಿಡವಾಗುತ್ತದೆ. ಎಲೆಯ ಬುಡದ ಎರಡೂ ಬದಿಗೆ ಗಾಜಿನ ಕಿಟಕಿಯಂಥ ದೊಡ್ಡ ಖಾಲಿ ಕೋಶಗಳಿರುತ್ತವೆ.

ಮೋರಿ, ಗಾರೆಗೋಡೆ, ತೋಡಿನ ಕಲ್ಲಿಗೆ ಹಯೋಫಿಲಾ ಇನ್ವೊಲ್ಯೂಟಾ. ಒಣಗಿದಾಗ ಎಲೆಯ ಅಂಚು ವೀಳ್ಯದೆಲೆ ಮಡಚಿದಂತೆ ಒಳಸುತ್ತುತ್ತದೆ. ನೀರು ಚಿಮುಕಿಸಿದರೆ ನೋಡನೋಡುತ್ತಿದ್ದಂತೆ ನಕ್ಷತ್ರದಂತೆ ಅರಳುತ್ತದೆ. ಕಾಯಿಗೆ ಹಲ್ಲೇ ಇಲ್ಲ. ಸಿಮೆಂಟು ನೆಲದ ಬಿರುಕಿನಲ್ಲಿ ಬೆಳ್ಳಿಯಂತೆ ಹೊಳೆಯುವುದು ಬ್ರಯಮ್ ಅರ್ಜೆಂಟಿಯಮ್. ಅದರ ನೆಂಟ ಬ್ರಯಮ್ ಕೊರೊನೇಟಮ್‌ನ ಕಾಯಿ ತಲೆಕೆಳಗಾಗಿ ಜೋತಿದ್ದು, ಕುತ್ತಿಗೆಯ ಭಾಗ ಉಬ್ಬಿರುತ್ತದೆ.

ಮಣ್ಣಿನ ದರೆಯಲ್ಲಿ ಫಿಸಿಡೆನ್ಸ್ ಹುಡುಕಿ. ಎಲೆಗಳು ಎರಡೇ ಸಾಲಿನಲ್ಲಿ, ಪುಟ್ಟ ಗರಿಯಂತೆ. ಪ್ರತಿ ಎಲೆಯ ಬುಡ ಜೇಬಿನಂತೆ ಸೀಳಿ ಮುಂದಿನ ಎಲೆಯನ್ನು ತಬ್ಬಿರುತ್ತದೆ. ಇದರಲ್ಲಿ ಪ್ರಭೇದಗಳು ಬಹಳ, ಸೂಕ್ಷ್ಮದರ್ಶಕವಿಲ್ಲದೆ ಮುಂದೆ ಹೋಗಬೇಡಿ. ನೀರು ಜಿನುಗುವ ರಸ್ತೆಬದಿಯ ಬಂಡೆಯಲ್ಲಿ ತಿಳಿಹಸಿರಾಗಿ, ಮೇಲೆ ಹನಿ ಮುತ್ತಾಗಿ ನಿಂತರೆ ಫಿಲೊನೋಟಿಸ್. ಘಟ್ಟದ ದರೆಯಲ್ಲಿ ಕಾಯಿಗೆ ಕಂಬಳಿ ಹೊದಿಸಿದಂಥ ರೋಮದ ಟೊಪ್ಪಿ ಇದ್ದರೆ ಪೋಗೊನೇಟಮ್. ಮೇಲಿನ ಕೊಂಬೆಗಳ ತೊಗಟೆಯಲ್ಲಿ ನೆರಿಗೆ ಟೊಪ್ಪಿಯ ಮ್ಯಾಕ್ರೊಮಿಟ್ರಿಯಮ್. ಮಂಜು ಮುಸುಕುವ ಜಾಗದಲ್ಲಿ ಕೊಂಬೆಗಳಿಂದ ಗಡ್ಡದಂತೆ ಇಳಿಬಿದ್ದವು ಹೆಚ್ಚಾಗಿ ಮೀಟಿಯೊರಿಯೇಸಿ ಕುಟುಂಬದವು. ಕಾಲೇಜಿನ ಪ್ರಯೋಗಾಲಯದಲ್ಲಿ ಓದಿದ ಫ್ಯುನೇರಿಯವನ್ನು ಕರಾವಳಿಯ ಪ್ರತಿ ಗೋಡೆಯಲ್ಲೂ 'ಕಾಣುವುದು' ಹೊಸಬರ ಚಾಳಿ. ಅದು ಬೆಂಕಿ ಹಾಕಿದ ನೆಲವನ್ನು ಇಷ್ಟಪಡುವ ಜಾತಿ, ಬಾಗಿದ ಅಸಮ ಕಾಯಿ ಕಾಣದೆ ಆ ಹೆಸರು ಬರೆಯಬೇಡಿ.

ಸೂಕ್ಷ್ಮದರ್ಶಕಕ್ಕೆ ಎಲೆ ತೆಗೆಯುವಾಗ ನೆನೆಸಿದ ಕಾಂಡದ ತುದಿಯನ್ನು ಇಕ್ಕುಳದಲ್ಲಿ ಹಿಡಿದು ಇನ್ನೊಂದರಿಂದ ಬುಡದ ಕಡೆಗೆ ಸವರಿ, ಎಲೆ ಬುಡಸಮೇತ ಬರುತ್ತದೆ. ಕಿತ್ತರೆ ಬುಡದ ಮೂಲೆಯ ಕೋಶಗಳು ಕಾಂಡದಲ್ಲೇ ಉಳಿಯುತ್ತವೆ, ಬಹಳಷ್ಟು ಕೀಲಿಗಳು (ಪ್ರಶ್ನೆ ಕೇಳುತ್ತಾ ಹೆಸರಿನ ತನಕ ಒಯ್ಯುವ ಗುರುತಿನ ಪಟ್ಟಿಗಳು) ಕೇಳುವುದು ಅವನ್ನೇ. ಅಡ್ಡಕೊಯ್ತಕ್ಕೆ ಕಾಂಡವನ್ನು ಸ್ಲೈಡಿನ ಮೇಲೆ ಮಲಗಿಸಿ, ಇನ್ನೊಂದು ಸ್ಲೈಡಿನ ಅಂಚಿನಿಂದ ಅದುಮಿ ಹಿಡಿದು, ಆ ಅಂಚಿಗೆ ತಾಗಿಸಿ ಹೊಸ ಬ್ಲೇಡಿನಿಂದ ಕೊತ್ತಂಬರಿ ಹೆಚ್ಚಿದಂತೆ ಹೆಚ್ಚುತ್ತಾ ಹೋಗಿ. ಐವತ್ತು ಚೂರಿನಲ್ಲಿ ಮೂರು ನೆಟ್ಟಗೆ ಬರುತ್ತವೆ, ಅಷ್ಟು ಸಾಕು. ಕುಲದ ತನಕ ಮಾತ್ರ ಖಚಿತವಾದರೆ ಕುಲದ ಹೆಸರನ್ನೇ ಬರೆದು ನಿಲ್ಲಿಸಿ.

ಹರಡಿಕೆಯ ನಕ್ಷೆ

ಅಕ್ಷಾಂಶ–ರೇಖಾಂಶಗಳನ್ನು 0.05 ಡಿಗ್ರಿಯ ಚೌಕಗಳಾಗಿ ವಿಂಗಡಿಸಿ. ನಮ್ಮ ಅಕ್ಷಾಂಶದಲ್ಲಿ ಒಂದು ಚೌಕ ಸುಮಾರು 5.5 × 5.4 ಕಿ.ಮೀ., ಅಂದರೆ 30 ಚದರ ಕಿ.ಮೀ. ಪ್ರತಿ ಪ್ರಭೇದಕ್ಕೂ ಎಷ್ಟು ಚೌಕದಲ್ಲಿ ಸಿಕ್ಕಿತು ಎಂದು ಎಣಿಸಿ, ಜೊತೆಗೆ ಎಷ್ಟು ಚೌಕ ಹುಡುಕಿದ್ದೀರಿ ಎಂಬುದನ್ನೂ ಬರೆಯಿರಿ. ಏಳು ಚೌಕ ನೋಡಿ ಒಂದರಲ್ಲಿ ಸಿಕ್ಕದ್ದನ್ನು 'ಅಪರೂಪ' ಎನ್ನಲು ಆಗುವುದಿಲ್ಲ.

ಎರಡು ತಾಣಗಳ ಹೋಲಿಕೆಗೆ ಜಕಾರ್ ಸೂಚ್ಯಂಕ ಸಾಕು, ಅಂದರೆ ಎರಡರಲ್ಲೂ ಇರುವ ಪ್ರಭೇದಗಳ ಸಂಖ್ಯೆಯನ್ನು ಎರಡೂ ಸೇರಿ ಸಿಕ್ಕ ಒಟ್ಟು ಪ್ರಭೇದಗಳಿಂದ ಭಾಗಿಸುವುದು. ಉದಾಹರಣೆಗೆ, ಒಂದರಲ್ಲಿ 14 ಪ್ರಭೇದ, ಇನ್ನೊಂದರಲ್ಲಿ 11, ಎರಡರಲ್ಲೂ ಇರುವುದು 5 ಎಂದಿಟ್ಟುಕೊಳ್ಳಿ. 14 + 11 – 5 = 20. ಐದನ್ನು ಇಪ್ಪತ್ತರಿಂದ ಭಾಗಿಸಿದರೆ 0.25. ಈ ಲೆಕ್ಕವನ್ನು ಎರಡು ಸಲ ಮಾಡಿ: ಒಮ್ಮೆ ತಾಣ ತಾಣಗಳ ನಡುವೆ, ಇನ್ನೊಮ್ಮೆ ಒಂದೇ ತಾಣದ ನೆಲೆ ನೆಲೆಗಳ ನಡುವೆ. ಮಲ್ಪೆಯ ಗೋಡೆಗೂ ಹೆಬ್ರಿಯ ಗೋಡೆಗೂ ಇರುವ ಹೋಲಿಕೆ, ಹೆಬ್ರಿಯ ಗೋಡೆಗೂ ಅದರಿಂದ ಎರಡು ಮೀಟರ್ ದೂರದ ಹಲಸಿನ ತೊಗಟೆಗೂ ಇರುವ ಹೋಲಿಕೆಗಿಂತ ಹೆಚ್ಚಿರಬಹುದು. ಹಾಗಿದ್ದರೆ ಅಲ್ಲಿ ದೂರಕ್ಕಿಂತ ನೆಲೆಯೇ ಹೆಚ್ಚು ನಿರ್ಧರಿಸುತ್ತಿದೆ ಎಂದರ್ಥ. ಪೊಟ್ಟಣದ ಮೇಲೆ ನೆಲೆಯನ್ನು ಅಷ್ಟು ವಿವರವಾಗಿ ಬರೆಯಲು ಹೇಳಿದ್ದು ಈ ಲೆಕ್ಕಕ್ಕಾಗಿ.

ಅಂತರ್ಜಾಲಕ್ಕೆ ದಾಖಲೆ ಸೇರಿಸುವಾಗ ಐದು ಫೋಟೋ ಇರಲಿ: ಸುತ್ತಲಿನ ಜಾಗ, ಹಾಸು, ಒಣ ಗಿಡ, ನೆನೆದ ಗಿಡ, ಕಾಯಿ. ಅಳತೆಪಟ್ಟಿ ಒಂದರಲ್ಲಾದರೂ ಕಾಣಬೇಕು. ಹಾವಸೆಯಲ್ಲಿ ಫೋಟೋ ಒಂದರಿಂದಲೇ ಪ್ರಭೇದ ಖಚಿತವಾಗುವುದು ಕಡಿಮೆ, ಆದ್ದರಿಂದ ಪೊಟ್ಟಣದ ಕ್ರಮಸಂಖ್ಯೆಯನ್ನು ದಾಖಲೆಯಲ್ಲೂ ನಮೂದಿಸಿ. ಮಾದರಿ ಸಾಕಷ್ಟಿದ್ದರೆ ಎರಡು ಪಾಲು ಮಾಡಿ ಎರಡಕ್ಕೂ ಅದೇ ಸಂಖ್ಯೆ ಕೊಡಿ. ಒಂದು ಪಾಲು ನಿಮ್ಮಲ್ಲಿರಲಿ, ಇನ್ನೊಂದನ್ನು ಸಸ್ಯಸಂಗ್ರಹಾಲಯಕ್ಕೆ ಕಳುಹಿಸಿ. ಲಖನೌದ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆಯಲ್ಲಿ ಹಾವಸೆಗಳ ದೊಡ್ಡ ಸಂಗ್ರಹವಿದೆ. ಕಳುಹಿಸುವ ಮುನ್ನ ಪತ್ರ ಬರೆದು ಅವರ ಲೇಬಲ್ ಕ್ರಮ ಕೇಳಿಕೊಳ್ಳಿ. ವನ್ಯಧಾಮದಿಂದ ತಂದದ್ದಾದರೆ ಅನುಮತಿಪತ್ರದ ಪ್ರತಿಯನ್ನೂ ಜೊತೆಗಿಡಿ.